ಅಧ್ಯಕ್ಷೀಯ ಪ್ರೈಮರಿ (ಅಮೆರಿಕ ಸಂಯುಕ್ತ ಸಂಸ್ಥಾನ)

ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷಪದವಿಗೆ ಪಕ್ಷವೊಂದರ ಪರವಾಗಿ ಯಾರು ನಿಲ್ಲತಕ್ಕದ್ದೆಂಬುದನ್ನು, ಅದೇ ಪಕ್ಷದೊಳಗಿನ ಪ್ರತಿಸ್ಪರ್ಧಿಗಳ ನಡುವೆ ಸಾಮಾನ್ಯ ಮತದಾರರೇ ಮತವಿತ್ತು ನಿರ್ಣಯಿಸುವ ಪದ್ಧತಿಗೆ ಅಧ್ಯಕ್ಷೀಯ ಪ್ರೈಮರಿ ಎಂದು ಹೆಸರು. ಚುನಾವಣೆಯ ವರ್ಷದ ಆದಿಭಾಗದಿಂದ ಜೂನ್ ತಿಂಗಳವರೆಗೆ ಒಂದೊಂದು ರಾಜ್ಯವೂ ತನಗೆ ಗೊತ್ತಾದ ದಿನದಲ್ಲಿ ಈ ಮತದಾನವನ್ನು ನಡೆಸುತ್ತದೆ. ಅದರ ಫಲಾನುಸಾರವಾಗಿ ಪಕ್ಷದ ರಾಷ್ಟ್ರೀಯ ಮಹಾಧಿವೇಶನಕ್ಕೆ ಪ್ರತಿನಿಧಿಗಳು ಹಂಚಿಕೆಯಾಗಿ, ಅವರಲ್ಲಿ ಬಹುಮತವನ್ನು ಗಳಿಸಿದವರು ಪಕ್ಷದ ಉಮೇದುವಾರರಾಗುತ್ತಾರೆ. ಕೆಲವು ರಾಜ್ಯಗಳಲ್ಲಿ ಮತಪೆಟ್ಟಿಗೆಗೆ ಬದಲಾಗಿ, ಪಕ್ಷದ ಅನುಯಾಯಿಗಳು ಊರೂರಿನ ಶಾಲೆ, ಸಭಾಭವನಗಳಲ್ಲಿ ನೆರೆದು ಚರ್ಚಿಸಿ ತಮ್ಮ ಒಲವನ್ನು ವ್ಯಕ್ತಪಡಿಸುವ ಕಾಕಸ್ ಎಂಬ ಕ್ರಮವುಂಟು. 1787ರಲ್ಲಿ ರಚಿತವಾದ ಸಂವಿಧಾನದಲ್ಲಿ ರಾಜಕೀಯ ಪಕ್ಷಗಳ ಪ್ರಸ್ತಾಪವೇ ಇಲ್ಲವಾದ್ದರಿಂದ, ಈ ಸಮಸ್ತ ವ್ಯವಸ್ಥೆಯೂ ರೂಢಿ, ರಾಜ್ಯಶಾಸನ ಮತ್ತು ಪಕ್ಷನಿಯಮಗಳ ಆಧಾರದ ಮೇಲೆ ಕ್ರಮಕ್ರಮವಾಗಿ ಬೆಳೆದುಬಂದುದು. ನವೆಂಬರ್ ತಿಂಗಳ ಚುನಾವಣೆಯಲ್ಲಿ ಪ್ರಜೆಯು ಬಹುಮಟ್ಟಿಗೆ ಇಬ್ಬರಲ್ಲೊಬ್ಬರನ್ನು ಆರಿಸಬೇಕಾಗಿರುವ ದೇಶದಲ್ಲಿ, ಆ ಇಬ್ಬರು ಯಾರೆಂಬುದನ್ನು ಗೊತ್ತುಮಾಡುವ ಅಧಿಕಾರವು ಆಯ್ಕೆಯ ಅಧಿಕಾರದಷ್ಟೇ ಗುರುತರವಾದುದು. ಅದು ಕೆಲವರ ಕೈಯಿಂದ ಹಲವರ ಕೈಗೆ ಸಂದ ಬಗೆಯೇ ಪ್ರೈಮರಿಯ ಇತಿಹಾಸ.

ಪೂರ್ವಚರಿತ್ರೆ

ಗಣರಾಜ್ಯದ ಮೊದಲ ದಶಕಗಳಲ್ಲಿ ಈ ಅಧಿಕಾರವು ಕಾಂಗ್ರೆಸ್ ಎಂಬ ಶಾಸನಸಭೆಯ ಪಕ್ಷಸದಸ್ಯರ ಕೂಟದಲ್ಲಿ ನೆಲೆಸಿತ್ತು. 1824ರಲ್ಲಿ ಅಂಥ ಕೂಟವು ವಿಲಿಯಂ ಕ್ರಾಫರ್ಡನನ್ನು ಹೆಸರಿಸಿದಾಗ ಅಲ್ಲಿ ನೆರೆದಿದ್ದವರು 66 ಮಂದಿ ಮಾತ್ರ. ಉಳಿದ ಬಹುಸಂಖ್ಯಾತರು ಅದನ್ನು ಬಹಿಷ್ಕರಿಸಿದರು. ಚುನಾವಣೆಯಲ್ಲಿ ಕ್ರಾಫರ್ಡನು ಮೂರನೆಯ ಸ್ಥಾನಕ್ಕಿಳಿದನು. ಅಧ್ಯಕ್ಷನನ್ನು ವಿಧ್ಯುಕ್ತವಾಗಿ ಆರಿಸಲು ರಾಜ್ಯಗಳು ಕಳುಹಿಸುವ ನಿರ್ವಾಚಕರ 99 ಮತಗಳೊಡನೆ ಎಲ್ಲರಿಗಿಂತ ಮುಂದಿದ್ದ ಆಂಡ್ರೂ ಜಾಕ್ಸನ್ನನಿಗೂ ಬಹುಮತವು ಲಭಿಸದೆ, ಪ್ರತಿನಿಧಿಸಭೆಯು ಜಾನ್ ಕ್ವಿನ್ಸಿ ಆಡಮ್ಸನನ್ನು ಅಧ್ಯಕ್ಷನನ್ನಾಗಿ ಆರಿಸಿತು. ಕೂಟದ ಪದ್ಧತಿಯು ಆ ಅಪಖ್ಯಾತಿಯಿಂದ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಅದರ ಸ್ಥಾನದಲ್ಲಿ ಉದಿಸಿದುದು ಮಹಾಧಿವೇಶನ. 1831ರಲ್ಲಿ ಮೇಸನ್ ವಿರೋಧಿ ಪಕ್ಷವು ಬಾಲ್ಟಿಮೋರ್ ನಗರದಲ್ಲಿ ಇಂಥ ಮೊದಲ ಅಧಿವೇಶನವನ್ನು ನಡೆಸಿತು. ಮರುವರ್ಷ ಡೆಮಾಕ್ರಟಿಕ್ ಪಕ್ಷವೂ ಅದೇ ನಗರದಲ್ಲಿ ಅದನ್ನು ಅನುಸರಿಸಿತು. 1860ರಲ್ಲಿ ಷಿಕಾಗೋದಲ್ಲಿ ಸೇರಿದ ರಿಪಬ್ಲಿಕನ್ ಅಧಿವೇಶನವು, ಮೊದಲಿಗೆ ಮುಂದಿದ್ದ ವಿಲಿಯಂ ಸೆವಾರ್ಡನನ್ನು ಬಿಟ್ಟು, ಮೂರನೆಯ ಸುತ್ತಿನ ಮತದಾನದಲ್ಲಿ ಅಬ್ರಹಾಂ ಲಿಂಕನ್ನನನ್ನು ಆರಿಸಿದುದು ಈ ಪದ್ಧತಿಯ ಸತ್ಫಲವೆಂದೇ ಹೇಳಬೇಕು. ಆದರೆ ಕಾಲಕ್ರಮದಲ್ಲಿ ಪ್ರತಿನಿಧಿಗಳು ನಗರಗಳ ಹಾಗೂ ರಾಜ್ಯಗಳ ಪಕ್ಷನಾಯಕರ ಅಂಕಿತದಲ್ಲಿ ನಡೆಯುವವರಾದರು. ಉಮೇದುವಾರನ ಹೆಸರು ಸಭಾಂಗಣಕ್ಕಿಂತ ಮೊದಲು ಮುಚ್ಚಿದ ಕೋಣೆಗಳಲ್ಲಿ ನಿಶ್ಚಯವಾಗತೊಡಗಿತು.

ಪ್ರೈಮರಿಯ ಉದಯ ಮತ್ತು 1912ರ ಸ್ಪರ್ಧೆ

ಪಕ್ಷಯಂತ್ರದ ಈ ಪ್ರಭುತ್ವವನ್ನು ಮುರಿಯಲೆಂದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪ್ರಗತಿವಾದಿ ಸುಧಾರಕರು ಮುಂದಾದರು. ರಾಬರ್ಟ್ ಲಫಾಲೆಟ್ಟನು ಗವರ್ನರಾಗಿದ್ದ ವಿಸ್ಕಾನ್ಸಿನ್ ರಾಜ್ಯವು 1905ರಲ್ಲಿ ಅಧಿವೇಶನದ ಪ್ರತಿನಿಧಿಗಳನ್ನು ಮತದಾರರೇ ಚುನಾಯಿಸುವ ಶಾಸನವನ್ನು ಮಾಡಿತು. 1910ರಲ್ಲಿ ಆರೆಗಾನ್ ರಾಜ್ಯವು, ಅಧ್ಯಕ್ಷಪದವಿಯ ಆಕಾಂಕ್ಷಿಗಳಲ್ಲಿ ತಮಗೆ ಯಾರು ಬೇಕೆಂಬುದನ್ನು ಮತದಾರರು ನೇರವಾಗಿ ಸೂಚಿಸುವ ಅವಕಾಶವನ್ನು ಕಲ್ಪಿಸಿತು.

ಈ ನವೀನ ಸಾಧನದ ಮೊದಲ ಮಹಾಪರೀಕ್ಷೆ 1912ರಲ್ಲಿ ನಡೆಯಿತು. ತಾನೇ ಉತ್ತರಾಧಿಕಾರಿಯಾಗಿ ಆರಿಸಿ ಗದ್ದುಗೆಗೇರಿಸಿದ್ದ ವಿಲಿಯಂ ಹೊವರ್ಡ್ ಟಾಫ್ಟನ ಆಡಳಿತದಿಂದ ಅಸಂತುಷ್ಟನಾದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ರಿಪಬ್ಲಿಕನ್ ಪಕ್ಷದಲ್ಲೇ ಅವನಿಗೆ ಪ್ರತಿಸ್ಪರ್ಧಿಯಾಗಿ ನಿಂತನು; ಲಫಾಲೆಟ್ಟನೂ ಕಣದಲ್ಲಿದ್ದನು. ಪ್ರೈಮರಿ ನಡೆದ ಹನ್ನೆರಡು ಹದಿಮೂರು ರಾಜ್ಯಗಳ ಪೈಕಿ ಒಂಬತ್ತರಲ್ಲಿ ರೂಸ್‌ವೆಲ್ಟನು ಜಯಶಾಲಿಯಾದನು. ಟಾಫ್ಟನ ಸ್ವಂತ ನಾಡಾದ ಒಹಾಯೊ ಕೂಡ ಅವನ ವಶವಾಯಿತು. ಆದರೂ ಹೆಚ್ಚು ಪ್ರತಿನಿಧಿಗಳು ಇನ್ನೂ ಹಳೆಯ ಕ್ರಮದಿಂದಲೇ ನೇಮಕವಾಗುತ್ತಿದ್ದುದರಿಂದಲೂ, ವಿವಾದಗ್ರಸ್ತ ಸ್ಥಾನಗಳನ್ನು ಪಕ್ಷದ ರಾಷ್ಟ್ರೀಯ ಸಮಿತಿಯು ಬಹುತೇಕ ಟಾಫ್ಟನಿಗೇ ಒಪ್ಪಿಸಿದುದರಿಂದಲೂ, ಷಿಕಾಗೋ ಅಧಿವೇಶನವು ಟಾಫ್ಟನನ್ನೇ ಉಮೇದುವಾರನೆಂದು ಘೋಷಿಸಿತು. ರೂಸ್‌ವೆಲ್ಟನು ಹೊರನಡೆದು ಪ್ರೋಗ್ರೆಸಿವ್ ಪಕ್ಷವನ್ನು ಕಟ್ಟಿದನು. ಪಕ್ಷವು ಇಬ್ಭಾಗವಾಗಿ, ಡೆಮಾಕ್ರಟಿಕ್ ಉಮೇದುವಾರ ವುಡ್ರೊ ವಿಲ್ಸನ್ನನು 435 ನಿರ್ವಾಚಕ ಮತಗಳೊಡನೆ ಗೆದ್ದನು. ರೂಸ್‌ವೆಲ್ಟನಿಗೆ 88, ಅಧಿಕಾರಾರೂಢನಾಗಿದ್ದ ಟಾಫ್ಟನಿಗೆ ಕೇವಲ 8 ಮತಗಳು ದೊರೆತವು. ಮತದಾರರ ಒಲವನ್ನು ಕೇಳಿ ತಿಳಿದ ಬಳಿಕ ಅದನ್ನು ಕಡೆಗಣಿಸುವ ಪಕ್ಷಕ್ಕೆ ಎಂಥ ದಂಡ ಕಾದಿರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ.

ಮಧ್ಯಕಾಲ

ಮೊದಲ ಮಹಾಯುದ್ಧಾನಂತರ ಸುಧಾರಣೆಯ ಉತ್ಸಾಹವು ಕುಂದಿ, ವೆಚ್ಚಕ್ಕೆ ಹೆದರಿದ ಕೆಲವು ರಾಜ್ಯಗಳು ಪ್ರೈಮರಿಯ ಶಾಸನವನ್ನೇ ರದ್ದುಗೊಳಿಸಿದವು. ಅಧಿವೇಶನಗಳೇ ಪುನಃ ಪ್ರಬಲವಾದವು. 1924ರಲ್ಲಿ ನ್ಯೂಯಾರ್ಕಿನಲ್ಲಿ ಕೂಡಿದ ಡೆಮಾಕ್ರಟಿಕ್ ಅಧಿವೇಶನವು ಜಾನ್ ಡೇವಿಸನನ್ನು ಆರಿಸುವುದಕ್ಕೆ 103 ಸುತ್ತುಗಳ ಮತದಾನವನ್ನು ನಡೆಸಬೇಕಾಯಿತು.

1952ರಲ್ಲಿ ನ್ಯೂ ಹ್ಯಾಂಪ್‌ಷೈರ್ ಎಂಬ ಸಣ್ಣ ರಾಜ್ಯವು ಪ್ರೈಮರಿಗೆ ಹೊಸ ಮಹತ್ತ್ವವನ್ನು ತಂದಿತು. ಯೂರೋಪಿನಲ್ಲಿ ಸೇನಾಧಿಪತ್ಯದಲ್ಲಿದ್ದ ಡ್ವೈಟ್ ಐಸೆನ್‌ಹೋವರನು, ಪ್ರಚಾರಕ್ಕೆ ಬಾರದೆಯೇ, ಮಾಜಿ ಅಧ್ಯಕ್ಷನ ಪುತ್ರನಾದ ರಾಬರ್ಟ್ ಟಾಫ್ಟನನ್ನು ಅಲ್ಲಿ ಸೋಲಿಸಿದನು. ಡೆಮಾಕ್ರಟಿಕ್ ಪಕ್ಷದಲ್ಲಿ ಅಧ್ಯಕ್ಷ ಟ್ರೂಮನ್ನನು ಎಸ್ಟಿಸ್ ಕೆಫಾವರನಿಗೆ ಸೋತು, ಆ ತಿಂಗಳಲ್ಲೇ ಸ್ಪರ್ಧೆಯಿಂದ ದೂರ ಸರಿದನು. ಆದರೆ ಬಹುಪಾಲು ಪ್ರೈಮರಿಗಳನ್ನು ಗೆದ್ದ ಕೆಫಾವರನನ್ನು ಕೈಬಿಟ್ಟು ಅಧಿವೇಶನವು ಅಡ್ಲಾಯ್ ಸ್ಟೀವನ್‌ಸನ್ನನನ್ನು ಆರಿಸಿದುದರಿಂದ, ಪ್ರೈಮರಿಯು ಅಂದಿಗೆ ಲೋಕಾಭಿಪ್ರಾಯದ ಸೂಚಕವೇ ಹೊರತು ನಿರ್ಣಾಯಕವಲ್ಲವೆಂಬುದು ವ್ಯಕ್ತವಾಯಿತು. 1960ರಲ್ಲಿ ಜಾನ್ ಕೆನೆಡಿಯು ಈ ಸೂಚಕವನ್ನೇ ಕುಶಲತೆಯಿಂದ ಬಳಸಿಕೊಂಡನು: ಕ್ಯಾಥೊಲಿಕ್ ಮತದವನು ಗೆಲ್ಲಲಾರನೆಂಬ ಪಕ್ಷನಾಯಕರ ಶಂಕೆಯನ್ನು, ಪ್ರಾಟೆಸ್ಟಂಟರೇ ಅಧಿಕವಾಗಿದ್ದ ಪಶ್ಚಿಮ ವರ್ಜೀನಿಯದಲ್ಲಿ ಹ್ಯೂಬರ್ಟ್ ಹಂಫ್ರಿಯನ್ನು ಪರಾಭವಗೊಳಿಸಿ ನಿವಾರಿಸಿದನು.

1968 ಮತ್ತು ಆಮೂಲ ಸುಧಾರಣೆ

ವಿಯೆಟ್ನಾಂ ಯುದ್ಧದ ವಿರುದ್ಧ ನಿಂತ ಸೆನೆಟ್ ಸದಸ್ಯ ಯೂಜೀನ್ ಮೆಕಾರ್ಥಿಯು 1968ರ ನ್ಯೂ ಹ್ಯಾಂಪ್‌ಷೈರ್ ಪ್ರೈಮರಿಯಲ್ಲಿ ನೂರಕ್ಕೆ 42ರಷ್ಟು ಮತಗಳನ್ನು ಪಡೆದಾಗ, ಗೆದ್ದರೂ ತೇಜೋಹೀನನಾದ ಅಧ್ಯಕ್ಷ ಲಿಂಡನ್ ಜಾನ್‌ಸನ್ನನು ಮಾರ್ಚ್ 31ರಂದು ಸ್ಪರ್ಧೆಯನ್ನು ತ್ಯಜಿಸಿದನು. ನ್ಯೂ ಹ್ಯಾಂಪ್‌ಷೈರಿನ ಬಳಿಕ, ಜಾನ್‌ಸನ್ನನು ಸರಿಯುವ ಮುನ್ನವೇ ಕಣಕ್ಕೆ ಬಂದು ಕ್ಯಾಲಿಫೋರ್ನಿಯವನ್ನು ಗೆದ್ದ ರಾಬರ್ಟ್ ಕೆನೆಡಿಯು ಆ ವಿಜಯದ ರಾತ್ರಿಯಲ್ಲೇ ಗುಂಡಿಗೆ ಗುರಿಯಾಗಿ ಜೂನ್ 6ರಂದು ಅಸುನೀಗಿದನು. ಆಗಸ್ಟಿನಲ್ಲಿ, ಬೀದಿಗಳಲ್ಲಿ ಪ್ರತಿಭಟನಕಾರರೂ ಪೊಲೀಸರೂ ಹೋರಾಡುತ್ತಿದ್ದ ಷಿಕಾಗೋ ನಗರದಲ್ಲಿ, ಯಾವ ಪ್ರೈಮರಿಯಲ್ಲಿಯೂ ಕಣಕ್ಕಿಳಿಯದ ಹಂಫ್ರಿಯನ್ನು ಅಧಿವೇಶನವು ಉಮೇದುವಾರನನ್ನಾಗಿ ಆರಿಸಿತು. ಈ ಅನ್ಯಾಯವನ್ನು ಪಕ್ಷದ ಸಾಮಾನ್ಯ ಸದಸ್ಯರು ಸಹಿಸಲಿಲ್ಲ. ಪ್ರತಿನಿಧಿಗಳ ಆಯ್ಕೆಯು ಬಹಿರಂಗವಾಗಿ, ಲಿಖಿತ ನಿಯಮಾನುಸಾರ, ಸ್ತ್ರೀಯರಿಗೂ ಯುವಜನರಿಗೂ ಅಲ್ಪಸಂಖ್ಯಾತರಿಗೂ ಅವಕಾಶವಿರುವಂತೆ ನಡೆಯತಕ್ಕದ್ದೆಂದು ಪಕ್ಷವು ನೇಮಿಸಿದ ಮೆಕ್‌ಗವರ್ನ್–ಫ್ರೇಸರ್ ಆಯೋಗವು ವಿಧಿಸಿತು. ಅದನ್ನು ಪಾಲಿಸಲು ಸುಲಭೋಪಾಯವೆಂದು ಹಲವು ರಾಜ್ಯಗಳು ಪ್ರೈಮರಿಯನ್ನು ಅಂಗೀಕರಿಸಿದುದರಿಂದ, ರಿಪಬ್ಲಿಕನ್ ಪಕ್ಷದಲ್ಲಿಯೂ ಅದೇ ಮುಖ್ಯ ಮಾರ್ಗವಾಯಿತು. 1972ರಲ್ಲಿ ಷರ್ಲಿ ಚಿಸಂ ಅವರು ಪ್ರಮುಖ ಪಕ್ಷವೊಂದರ ಉಮೇದುವಾರಿಕೆಗೆ ಸ್ಪರ್ಧಿಸಿದ ಪ್ರಥಮ ಕಪ್ಪುವರ್ಣೀಯ ಮಹಿಳೆಯಾದರು. 1976ರಲ್ಲಿ, ದೇಶದಲ್ಲಿ ಹೆಚ್ಚು ಪರಿಚಿತನಲ್ಲದ ಜಿಮ್ಮಿ ಕಾರ್ಟರನು ಅಯೊವಾ ರಾಜ್ಯದ ಕಾಕಸಿನಿಂದ ಬೆಳಕಿಗೆ ಬಂದು ಅಧ್ಯಕ್ಷನಾದನು. ಅದೇ ವರ್ಷ ರಿಪಬ್ಲಿಕನ್ ಪಕ್ಷದಲ್ಲಿ ಜೆರಾಲ್ಡ್ ಫೋರ್ಡನು ರೊನಾಲ್ಡ್ ರೇಗನ್ನನನ್ನು 1187–1070 ಮತಗಳ ಅಲ್ಪಾಂತರದಿಂದ ಹಿಂದಿಕ್ಕಿದನು. ಅನುಭವಿ ನಾಯಕರ ವಿವೇಕಕ್ಕೂ ಎಡೆಯಿರಬೇಕೆಂದು ಡೆಮಾಕ್ರಟಿಕ್ ಪಕ್ಷವು 1984ರ ಚುನಾವಣೆಯಿಂದ, ಪ್ರೈಮರಿಯ ಫಲಕ್ಕೆ ಬದ್ಧರಲ್ಲದ ಸೂಪರ್ ಡೆಲಿಗೇಟರನ್ನು ಸೇರಿಸಿಕೊಂಡಿತು.

2008ರ ದೀರ್ಘಸ್ಪರ್ಧೆ

ಈ ನಿಯಮಗಳೆಲ್ಲವೂ ಏಕಕಾಲದಲ್ಲಿ ಪರೀಕ್ಷೆಗೊಳಗಾದುದು ಬರಾಕ್ ಒಬಾಮ ಮತ್ತು ಹಿಲರಿ ಕ್ಲಿಂಟನ್ನರ ನಡುವಣ ಸ್ಪರ್ಧೆಯಲ್ಲಿ. ಜನವರಿ 3ರಂದು ಅಯೊವಾ ಒಬಾಮರಿಗೂ, 8ರಂದು ನ್ಯೂ ಹ್ಯಾಂಪ್‌ಷೈರ್ ಕ್ಲಿಂಟನ್ನರಿಗೂ ಒಲಿದವು. ಇಪ್ಪತ್ತಕ್ಕೂ ಮಿಕ್ಕ ರಾಜ್ಯಗಳು ಮತವಿತ್ತ ಫೆಬ್ರುವರಿ 5ರ ಸೂಪರ್ ಟ್ಯೂಸ್‌ಡೇ ದಿನವೂ ಇತ್ಯರ್ಥವಾಗಲಿಲ್ಲ. ಡೆಮಾಕ್ರಟಿಕ್ ಪಕ್ಷದಲ್ಲಿ ನೂರಕ್ಕೆ 15ರಷ್ಟು ಮತ ಪಡೆದವರಿಗೆಲ್ಲ ಪ್ರತಿನಿಧಿಗಳು ಮತಾನುಪಾತವಾಗಿ ಸಲ್ಲುವುದರಿಂದ, ಕ್ಯಾಲಿಫೋರ್ನಿಯ, ನ್ಯೂಯಾರ್ಕುಗಳಂಥ ದೊಡ್ಡ ರಾಜ್ಯಗಳನ್ನು ಗೆದ್ದ ಕ್ಲಿಂಟನ್ನರಿಗೆ ದೊರೆತ ಲಾಭವನ್ನು, ಒಬಾಮರು ಕಾಕಸ್ ನಡೆಯುವ ಸಣ್ಣ ರಾಜ್ಯಗಳಲ್ಲಿ ಭಾರಿ ಅಂತರದ ಜಯಗಳಿಂದ ಸರಿಗಟ್ಟಿದರು. ನಿಗದಿತ ಕಾಲಕ್ಕಿಂತ ಮುಂಚೆ ಮತದಾನ ನಡೆಸಿದ ಫ್ಲಾರಿಡ, ಮಿಷಿಗನ್ ರಾಜ್ಯಗಳ ಪ್ರತಿನಿಧಿಗಳನ್ನು ಮಾನ್ಯಮಾಡಬೇಕೇ ಬೇಡವೇ ಎಂಬ ವಿವಾದವು ತಿಂಗಳುಗಟ್ಟಲೆ ನಡೆದು, ಮೇ 31ರಂದು ಒಬ್ಬೊಬ್ಬರಿಗೂ ಅರ್ಧ ಮತವೆಂದು ತೀರ್ಮಾನವಾಯಿತು. ಜೂನ್ 3ರಂದು ಒಬಾಮರಿಗೆ ಅಗತ್ಯ ಬಹುಮತವು ಲಭಿಸಿತು. ಸುಮಾರು 1 ಕೋಟಿ 80 ಲಕ್ಷ ಮತಗಳನ್ನು ಪಡೆದಿದ್ದ ಕ್ಲಿಂಟನ್ನರು 7ರಂದು ಹಿಂದೆ ಸರಿದು, ಡೆನ್ವರ್ ಅಧಿವೇಶನದಲ್ಲಿ ಒಬಾಮರನ್ನು ಸರ್ವಾನುಮೋದನೆಯಿಂದ ಆರಿಸುವಂತೆ ತಾವೇ ಸೂಚಿಸಿದರು. ಐದು ತಿಂಗಳ ಕಲಹವು ಪಕ್ಷವನ್ನು ಒಡೆಯದೆ ಬಲಪಡಿಸಿದುದು, ಸೋತವರು ನಿಯಮವನ್ನು ಗೌರವಿಸಿದುದರಿಂದ.

ಇತ್ತೀಚಿನ ಬೆಳವಣಿಗೆಗಳು

2016ರಲ್ಲಿ ಡೆಮಾಕ್ರಟಿಕ್ ಪಕ್ಷದ ಸ್ಪರ್ಧಿ ಬರ್ನಿ ಸ್ಯಾಂಡರ್ಸರ ಬೆಂಬಲಿಗರು ಸೂಪರ್ ಡೆಲಿಗೇಟರ ಅಧಿಕಾರವನ್ನು ಆಕ್ಷೇಪಿಸಿದ ಫಲವಾಗಿ, ಸ್ಪರ್ಧೆಯಿರುವಲ್ಲಿ ಮೊದಲ ಸುತ್ತಿನಲ್ಲಿ ಆ ಡೆಲಿಗೇಟರು ಮತ ಹಾಕಲಾಗದೆಂದು 2018ರಲ್ಲಿ ನಿಯಮವಾಯಿತು. 2024ರಲ್ಲಿ ಪ್ರೈಮರಿಗಳನ್ನು ಗೆದ್ದಿದ್ದ ಜೋ ಬೈಡನ್ನರು ಜುಲೈ 21ರಂದು ಸ್ಪರ್ಧೆಯಿಂದ ಹಿಂದೆ ಸರಿದಾಗ, ಪ್ರತಿನಿಧಿಗಳು ಕಮಲಾ ಹ್ಯಾರಿಸರನ್ನು ಆರಿಸಿದುದರಿಂದ, ಅಂತಿಮಾಧಿಕಾರವು ವಿಧ್ಯುಕ್ತವಾಗಿ ಇನ್ನೂ ಅಧಿವೇಶನದ್ದೇ ಎಂಬುದು ಸ್ಪಷ್ಟಪಟ್ಟಿತು.

ಭಾರತದಲ್ಲಿ ಉಮೇದುವಾರರ ಆಯ್ಕೆಯು ಪಕ್ಷದ ವರಿಷ್ಠರ ಹಕ್ಕಾಗಿಯೇ ಉಳಿದಿದೆ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷವು ಕೆಲವೇ ಕ್ಷೇತ್ರಗಳಲ್ಲಿ ಪ್ರೈಮರಿಯ ಮಾದರಿಯನ್ನು ಪ್ರಯೋಗಿಸಿತು. ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಅದರಲ್ಲಿ ಸೇರಿದ್ದು, ದಕ್ಷಿಣ ಕನ್ನಡದಲ್ಲಿ ಬಿ. ಜನಾರ್ದನ ಪೂಜಾರಿಯವರು ಹೀಗೆ ಆಯ್ಕೆಯಾದರು. ಆದರೆ ಮತವಿತ್ತವರು ಪಕ್ಷದ ಪದಾಧಿಕಾರಿಗಳೇ ಹೊರತು ಸಾಮಾನ್ಯ ಮತದಾರರಲ್ಲ. ಪ್ರಯೋಗವು ಸ್ಥಿರಪದ್ಧತಿಯಾಗಿ ನೆಲೆಗೊಳ್ಳಲಿಲ್ಲ.

ಹಣದ ಪ್ರಾಬಲ್ಯ, ಸುದೀರ್ಘ ಪ್ರಚಾರ, ಮೊದಲು ಮತ ನೀಡುವ ಸಣ್ಣ ರಾಜ್ಯಗಳಿಗೆ ಸಲ್ಲುವ ಅತಿಮಹತ್ತ್ವ ಇವು ಪ್ರೈಮರಿಯ ನಿಜವಾದ ದೋಷಗಳು. ಆದರೂ ಪಕ್ಷವು ಯಾರನ್ನು ನಿಲ್ಲಿಸಬೇಕೆಂಬ ಪ್ರಶ್ನೆಯನ್ನು ಪಕ್ಷದ ಬಾಗಿಲ ಹೊರಗಿರುವ ಪ್ರಜೆಯ ಮುಂದಿಟ್ಟು ಉತ್ತರವನ್ನು ಬೇಡುವ ಪದ್ಧತಿಯಾಗಿ, ಅದು ಪ್ರಜಾಪ್ರಭುತ್ವಕ್ಕೆ ಅಮೆರಿಕವು ಸಲ್ಲಿಸಿರುವ ಗಣ್ಯವಾದ ಕೊಡುಗೆಗಳಲ್ಲೊಂದು.