ಇರುವುದು ಮತ್ತು ಹೊಂದಿರುವುದು

ಇಂಗ್ಲಿಷ್ ಕಲಿಯಲು ಕುಳಿತ ಮಗುವಿಗೆ ಮೊದಲ ದಿನಗಳಲ್ಲೇ ಎದುರಾಗುವ ಕ್ರಿಯಾಪದಗಳಲ್ಲಿ ‘ಹ್ಯಾವ್’ ಒಂದು. ಇದಕ್ಕೆ ಕನ್ನಡದಲ್ಲಿ ಏನರ್ಥ ಎಂದು ಕೇಳಿದರೆ ಮಾಸ್ತರರು ‘ಹೊಂದಿರು’ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಮಗು ಅದನ್ನು ಬಾಯಿಪಾಠ ಮಾಡುತ್ತದೆ. ಆದರೆ ಮನೆಗೆ ಬಂದು ಅವ್ವನ ಮುಂದೆ ‘ನಾನು ಹಸಿವನ್ನು ಹೊಂದಿದ್ದೇನೆ’ ಎಂದು ಅದು ಎಂದೂ ಹೇಳುವುದಿಲ್ಲ. ಇಷ್ಟು ಸಾಮಾನ್ಯವಾದ ಮಾತಿಗೆ ಕನ್ನಡದಲ್ಲಿ ಒಂದು ನೇರವಾದ ಪದ ಇಲ್ಲವೇ ಎಂಬ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಬೆನ್ನು ಹತ್ತಿದರೆ ಅದು ವ್ಯಾಕರಣದಿಂದ ಹೊರಟು ಹೊಲದ ಬದುವಿನವರೆಗೂ ಕರೆದೊಯ್ಯುತ್ತದೆ.

ಹಾವೇರಿಯ ಸಮೀಪದ ಕರ್ಜಗಿಯನ್ನೇ ತೆಗೆದುಕೊಳ್ಳೋಣ. ಇಂದು ಇದು ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ರೈಲು ದಾರಿಯಲ್ಲಿ ಸಿಗುವ ಒಂದು ಊರು. ಬ್ರಿಟಿಷರ ಕಾಲದಲ್ಲಿ ಮಾತ್ರ ಇದು ಒಂದು ತಾಲ್ಲೂಕಿಗೇ ಹೆಸರು ಕೊಟ್ಟ ಊರು. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಧಾರವಾಡ ಗೆಜೆಟಿಯರ್ ಹೇಳುವ ಹನ್ನೊಂದು ತಾಲ್ಲೂಕುಗಳಲ್ಲಿ ಕರ್ಜಗಿಯೂ ಒಂದು. ಈ ಸೀಮೆಯ ಒಬ್ಬ ರೈತನನ್ನು ಮನೆತನದ ಬಗ್ಗೆ ವಿಚಾರಿಸಿದರೆ ಬರುವ ಉತ್ತರ ಹೀಗಿರುತ್ತದೆ: ‘ನಮಗ ನಾಕ ಎಕರೆ ಹೊಲ ಐತ್ರಿ. ಇಬ್ರು ಹುಡುಗ್ರು ಅದಾರ. ಮನ್ಯಾಗ ಒಂದ ಜೋಡಿ ಎತ್ತ ಅದಾವು. ಸದ್ಯ ಕೈಯಾಗ ರೊಕ್ಕ ಇಲ್ರಿ.’

ಈ ನಾಲ್ಕು ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸುವವನು ನಾಲ್ಕು ಕಡೆಯೂ ‘ಹ್ಯಾವ್’ ಎಂದೇ ಬರೆಯುತ್ತಾನೆ. ಇಂಗ್ಲಿಷಿನಲ್ಲಿ ಹೊಲ, ಮಕ್ಕಳು, ಎತ್ತು, ರೊಕ್ಕ ಎಲ್ಲದಕ್ಕೂ ‘ನಾನು’ ಎಂಬುವನೇ ಕರ್ತೃ, ಉಳಿದದ್ದೆಲ್ಲ ಅವನ ಕ್ರಿಯೆಗೆ ಒಳಗಾದ ಕರ್ಮ. ಕನ್ನಡದಲ್ಲಿ ಹಾಗಿಲ್ಲ. ಇಲ್ಲಿ ಕರ್ತೃವಾಗುವುದು ಹೊಲ, ಮಕ್ಕಳು, ಎತ್ತುಗಳು. ಆದ್ದರಿಂದಲೇ ಕ್ರಿಯಾಪದ ಅವುಗಳಿಗೆ ತಕ್ಕಂತೆ ‘ಐತಿ’, ‘ಅದಾರ’, ‘ಅದಾವು’ ಎಂದು ಬದಲಾಗುತ್ತದೆ. ಮನುಷ್ಯ ಪಕ್ಕಕ್ಕೆ ಸರಿದು ‘ನಮಗೆ’ ಎಂದು ನಿಲ್ಲುತ್ತಾನೆ. ಅವನು ಏನನ್ನೂ ಮಾಡುತ್ತಿಲ್ಲ. ವಸ್ತುಗಳು ಅವನ ಸಂಬಂಧದಲ್ಲಿ ಇವೆ, ಅಷ್ಟೆ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಆ ಸಂಬಂಧ ಎಂಥದು ಎಂಬುದನ್ನು ಕನ್ನಡ ಪ್ರತಿ ಸಲವೂ ಬಿಡಿಸಿ ಹೇಳುತ್ತದೆ. ಮಕ್ಕಳು, ಬಂಧುಗಳು, ಹಕ್ಕು, ಹಸಿವು, ಜ್ವರ ಇವಕ್ಕೆ ‘ಗೆ’ ಪ್ರತ್ಯಯ. ರೊಕ್ಕ, ಪೆನ್ನು, ಕೊಡಲಿಯಂಥ ಕೈ ಬದಲಾಗುವ ವಸ್ತುಗಳಿಗೆ ‘ಹತ್ತಿರ’ ಅಥವಾ ಹಾವೇರಿಯ ಮಾತಿನ ‘ಕಡೆ’. ಧೈರ್ಯ, ಗುಣ, ದನಕರು ಮುಂತಾದವಕ್ಕೆ ‘ಅವನಲ್ಲಿ’, ‘ಮನೆಯಲ್ಲಿ’ ಎಂಬ ಸ್ಥಾನದ ಸೂಚನೆ. ಒಡೆತನವನ್ನೇ ಒತ್ತಿ ಹೇಳಬೇಕಾದಾಗ ‘ಆ ಹೊಲ ನಂದು’ ಎಂಬ ಷಷ್ಠಿ. ಇವು ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಅರ್ಥವೇ ಬೇರೆಯಾಗುತ್ತದೆ. ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎಂದರೆ ಸಂತಾನದ ಮಾತು. ‘ನನ್ನ ಹತ್ತಿರ ಇಬ್ಬರು ಮಕ್ಕಳಿದ್ದಾರೆ’ ಎಂದರೆ ಉಳಿದವರು ಬೇರೆ ಊರಲ್ಲಿದ್ದಾರೆ ಎಂದು ಕೇಳಿದವರು ತಿಳಿಯುತ್ತಾರೆ.

ಇದು ಕನ್ನಡದ ಬಡತನವೆಂದು ಭಾವಿಸಬೇಕಾಗಿಲ್ಲ. ಇಂಗ್ಲಿಷಿನ ‘ಹ್ಯಾವ್’ ನಾರ್ವೆಯ ಭಾಷೆಗೆ ಹೋಗುವಾಗ ಯಾವ ತೊಡಕೂ ಇಲ್ಲ. ಅಲ್ಲಿ ‘ಹಾ’ ಎಂಬ ಕ್ರಿಯಾಪದವಿದೆ, ಜರ್ಮನಿನ ‘ಹಾಬೆನ್’ ಇದ್ದಂತೆ. ಇವು ಮೂರೂ ಒಂದೇ ಬೇರಿನ ಮಕ್ಕಳು. ಆದರೆ ನಾರ್ವೆಯ ನೆರೆಯ ಫಿನ್‌ಲೆಂಡಿನವರ ಭಾಷೆಯಲ್ಲಿ ಅಂಥ ಪದವಿಲ್ಲ. ಅವರು ನಮ್ಮ ಹಾಗೆ ‘ನನ್ನಲ್ಲಿ ಇದೆ’ ಎನ್ನುತ್ತಾರೆ. ರಷ್ಯನ್ನರು ‘ನನ್ನ ಬಳಿ ಇದೆ’ ಎನ್ನುತ್ತಾರೆ. ಹಿಂದಿ, ಮರಾಠಿಗಳದೂ ಇದೇ ದಾರಿ. ಫ್ರಾನ್ಸಿನ ಭಾಷಾವಿಜ್ಞಾನಿ ಎಮಿಲ್ ಬೆನ್ವೆನಿಸ್ತ್ 1960ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ‘ಹ್ಯಾವ್’ನಂಥ ಕ್ರಿಯಾಪದವಿರುವುದು ಲೋಕದ ಭಾಷೆಗಳಲ್ಲಿ ಅಪರೂಪವೆಂದೂ ಹೆಚ್ಚಿನ ಭಾಷೆಗಳು ಅದಿಲ್ಲದೆಯೇ ನಡೆಯುತ್ತವೆಂದೂ ತೋರಿಸಿದರು. ಅಂದರೆ ವಿಚಿತ್ರವಾದದ್ದು ನಮ್ಮ ರೀತಿಯಲ್ಲ, ಅವರದು.

‘ಹ್ಯಾವ್’ ಪದದ ಹುಟ್ಟನ್ನು ಹುಡುಕಿದವರು ಅದರ ಬೇರು ‘ಹಿಡಿ, ಕೈವಶ ಮಾಡಿಕೋ’ ಎಂಬ ಅರ್ಥದ್ದೆಂದು ಹೇಳುತ್ತಾರೆ. ಹಿಡಿದುಕೊಂಡದ್ದು ತನ್ನದಾಯಿತು. ಕನ್ನಡದಲ್ಲಿಯೂ ಇಂಥ ಬೇರು ಇಲ್ಲದಿಲ್ಲ. ‘ಒಡೆಯ’, ‘ಒಡೆತನ’, ‘ಒಡವೆ’ ಎಂಬ ಪದಗಳು ಒಂದೇ ಮೂಲದವು. ತಮಿಳಿನ ‘ಉಡೈ’ ಎಂಬ ಸ್ವಾಮ್ಯದ ಧಾತು ಇವುಗಳ ಸೋದರ. ಆದರೆ ಕನ್ನಡದ ಬಳಕೆಯಲ್ಲಿ ಒಡೆಯ ಉಳಿದ, ಒಡವೆ ಉಳಿಯಿತು, ದಿನನಿತ್ಯದ ಕ್ರಿಯಾಪದ ಮಾತ್ರ ಉಳಿಯಲಿಲ್ಲ. ‘ಉಳ್ಳವರು’ ಎಂಬ ನಮ್ಮ ಹಳೆಯ ಮಾತಿನಲ್ಲಿಯೂ ಇರುವುದು ‘ಉಳ್’ ಎಂಬ ಇರುವಿಕೆಯ ಧಾತುವೇ. ಶ್ರೀಮಂತ ‘ಉಳ್ಳವ’, ಬಡವ ‘ಇಲ್ಲದವ’. ಸಿರಿ-ಬಡತನಗಳನ್ನೂ ಕನ್ನಡ ಇರುವುದು-ಇಲ್ಲದಿರುವುದರ ಲೆಕ್ಕದಲ್ಲಿಯೇ ಹೇಳಿತು.

ಈ ವ್ಯತ್ಯಾಸ ಹತ್ತೊಂಬತ್ತನೆಯ ಶತಮಾನದಲ್ಲಿ ನಿಘಂಟುಕಾರರ ಮೇಜಿಗೆ ಬಂತು. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1894ರಲ್ಲಿ ಹೊರತಂದದ್ದು ಕನ್ನಡ-ಇಂಗ್ಲಿಷ್ ನಿಘಂಟು. ಅಲ್ಲಿ ಪದಪಟ್ಟಿ ಕನ್ನಡದ್ದಾದ್ದರಿಂದ, ಕನ್ನಡದಲ್ಲಿಲ್ಲದ ಪದಕ್ಕೆ ಜಾಗ ಮಾಡಿಕೊಡುವ ತೊಂದರೆಯಿಲ್ಲ. ತೊಂದರೆ ಇರುವುದು ಎದುರು ದಿಕ್ಕಿನಲ್ಲಿ. 1824ರಲ್ಲಿ ಮದ್ರಾಸಿನಲ್ಲಿ ಅಚ್ಚಾದ ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು, 1876ರಲ್ಲಿ ಮಂಗಳೂರಿನಿಂದ ಬಂದ ಜೀಗ್ಲರ್ ಅವರ ಶಾಲಾ ನಿಘಂಟು ಇಂಥವುಗಳಲ್ಲಿ ‘ಹ್ಯಾವ್’ ಎಂಬ ಪದದ ಮುಂದೆ ಏನಾದರೊಂದನ್ನು ಬರೆಯಲೇಬೇಕು. ನಿಘಂಟಿಗೆ ಪದದ ಎದುರು ಪದ ಬೇಕು. ‘ಗೆ’, ‘ಕಡೆ’, ‘ಅಲ್ಲಿ’ ಎಂಬ ಪ್ರತ್ಯಯಗಳನ್ನು ಅಲ್ಲಿ ಕೂರಿಸುವುದು ಕಷ್ಟ. ಇಂಗ್ಲಿಷಿನಿಂದ ಕನ್ನಡಕ್ಕೆ ಬರೆಯುವ ಕೆಲಸ ಶಾಲೆ, ಕಚೇರಿ, ಪತ್ರಿಕೆಗಳಲ್ಲಿ ಬೆಳೆದಂತೆ ಈ ಬಗೆಯ ಒಂದೇ ಪದದ ಅವಶ್ಯಕತೆಯೂ ಬೆಳೆಯಿತು.

ಆ ಜಾಗಕ್ಕೆ ಕ್ರಮೇಣ ಬಂದು ಕುಳಿತದ್ದು ‘ಹೊಂದು’. ಇದು ಹೊಸ ಪದವಲ್ಲ, ಹಳಗನ್ನಡದ ‘ಪೊಂದು’. ಕೂಡು, ಸರಿಬೀಳು, ತಲುಪು ಎಂಬುವು ಇದರ ಅರ್ಥಗಳು. ಅಂಗಿಯ ಅಳತೆ ಹೊಂದುತ್ತದೆ, ಅತ್ತೆ-ಸೊಸೆ ಹೊಂದಿಕೊಂಡು ಬಾಳುತ್ತಾರೆ, ಕೊನೆಗೆ ಮನುಷ್ಯ ಮರಣ ಹೊಂದುತ್ತಾನೆ. ಪಡೆಯುವ ಅರ್ಥವೂ ಇದಕ್ಕೆ ಮೊದಲಿನಿಂದ ಇದೆ. ಆದರೆ ಪಡೆಯುವುದು ಒಂದು ಘಟನೆ, ಇರುವುದು ಒಂದು ಸ್ಥಿತಿ. ಇಂದು ಪತ್ರಿಕೆಗಳಲ್ಲಿ ಸೇತುವೆ ಉದ್ದವನ್ನು ಹೊಂದಿರುತ್ತದೆ, ಗ್ರಾಮ ಜನಸಂಖ್ಯೆಯನ್ನು ಹೊಂದಿರುತ್ತದೆ, ರೋಗಿ ಜ್ವರವನ್ನು ಹೊಂದಿರುತ್ತಾನೆ. ಯಂತ್ರವೇ ಅನುವಾದ ಮಾಡುವ ಈ ದಿನಗಳಲ್ಲಿ ಕೈಯಲ್ಲಿನ ಮೊಬೈಲು ಕೂಡ ‘ನೀವು ಹೊಸ ಸಂದೇಶಗಳನ್ನು ಹೊಂದಿದ್ದೀರಿ’ ಎಂದು ತಿಳಿಸುತ್ತದೆ. ‘ನಿಮಗೆ ಹೊಸ ಸಂದೇಶ ಬಂದಿದೆ’ ಎಂದರೆ ಸಾಕಾಗಿತ್ತು.

ಇದು ಕೇವಲ ಕಿವಿಗೆ ಒರಟಾಗುವ ಮಾತಾಗಿದ್ದರೆ ಸುಮ್ಮನಿರಬಹುದಿತ್ತು. ಅರ್ಥಕ್ಕೆ ಧಕ್ಕೆಯಾಗುವುದು ಭೂಮಿಯ ವಿಷಯದಲ್ಲಿ. ಧಾರವಾಡ ಸೀಮೆಯ ಹೊಲಗಳಲ್ಲಿ ಬ್ರಿಟಿಷರ ಸರ್ವೆ 1840ರ ದಶಕದಲ್ಲಿ ಆರಂಭವಾಯಿತು. ಹೊಲದ ದಾಖಲೆಯಲ್ಲಿ ರೈತನಿಗೆ ಸಿಕ್ಕ ಹೆಸರು ‘ಕಬ್ಜೇದಾರ’. ‘ಕಬ್ಜಾ’ ಅರಬ್ಬಿ ಮೂಲದ್ದು. ಅದರ ಮೂಲಾರ್ಥವೂ ಮುಷ್ಟಿ, ಹಿಡಿತ. ಕನ್ನಡದ ‘ಹಿಡುವಳಿ’ ಕೂಡ ‘ಹಿಡಿ’ಯಿಂದಲೇ ಬಂದದ್ದು. ಅಂದರೆ ಇಂಗ್ಲಿಷ್, ಅರಬ್ಬಿ, ಕನ್ನಡ ಮೂರೂ ಭೂಮಿಯ ವಿಷಯದಲ್ಲಿ ಕೈಯ ಹಿಡಿತವನ್ನೇ ನೆನೆದಿವೆ. ಕನ್ನಡಿಗರಿಗೆ ಸ್ವಾಮ್ಯದ ಆಸೆ ಇರಲಿಲ್ಲವೆಂದು ವ್ಯಾಕರಣದಿಂದ ಸಾಧಿಸಲು ಹೊರಟರೆ ಇಷ್ಟರಿಂದಲೇ ಆ ವಾದ ಬಿದ್ದುಹೋಗುತ್ತದೆ. ಬದುವಿನ ಜಗಳಗಳು ಎಲ್ಲ ಭಾಷೆಗಳಲ್ಲಿಯೂ ನಡೆದಿವೆ.

ಆದರೆ ಆ ಜಗಳಗಳನ್ನು ಬಿಡಿಸಲು ಬೇಕಾದ ಸೂಕ್ಷ್ಮ ನಮ್ಮ ಆಡುಮಾತಿನಲ್ಲಿತ್ತು. ‘ಹೊಲ ಯಾರ ಹೆಸರಿಲೆ ಐತಿ?’ ಎಂಬುದು ಒಂದು ಪ್ರಶ್ನೆ. ‘ಯಾರ ಕೈಯಾಗ ಐತಿ?’ ಎಂಬುದು ಇನ್ನೊಂದು. ಲಾವಣಿಗೆ ಮಾಡುವ ರೈತನ ಕೈಯಲ್ಲಿ ಹೊಲ ಇರುತ್ತಿತ್ತು, ಹೆಸರಿನಲ್ಲಿ ಇರುತ್ತಿರಲಿಲ್ಲ. ಭೂಸುಧಾರಣೆಯ ಕಾಯ್ದೆ ನಿಂತದ್ದು ಈ ಎರಡು ಪ್ರಶ್ನೆಗಳ ನಡುವಿನ ಅಂತರದ ಮೇಲೆಯೇ. 1961ರ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಗೇಣಿಯ ಜಮೀನುಗಳು ಸರ್ಕಾರದಲ್ಲಿ ನಿಹಿತವಾಗಿ, ಉಳುವವನು ಅರ್ಜಿ ಹಾಕಿ ಒಡೆತನ ಕೇಳುವಂತಾಯಿತು. ಹೊಲದ ಉತಾರದಲ್ಲಿ ಇಂದಿಗೂ ಕಬ್ಜೇದಾರನಿಗೊಂದು ಕಾಲಂ, ಸಾಗುವಳಿ ಮಾಡುವವನಿಗೆ ಇನ್ನೊಂದು ಕಾಲಂ ಇರುವುದು ಈ ಅಂತರದ ಗುರುತು. ‘ಆತ ನಾಲ್ಕು ಎಕರೆ ಜಮೀನು ಹೊಂದಿದ್ದಾನೆ’ ಎಂಬ ವಾಕ್ಯ ಇವೆರಡರಲ್ಲಿ ಯಾವ ಕಾಲಮ್ಮಿನ ಮಾತು ಎಂಬುದನ್ನು ಹೇಳುವುದೇ ಇಲ್ಲ.

ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಬಂತು. ಅದು ಜಾರಿಗೆ ಬರುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿದ್ದ ಆ ಮಿತಿಯನ್ನು ಮೀರಿ, 2005ರಲ್ಲಿ ಕೇಂದ್ರದ ತಿದ್ದುಪಡಿ ದೇಶಕ್ಕೆಲ್ಲ ಬಂತು. ಈಗ ‘ಹೆಣ್ಣುಮಕ್ಕಳು ಆಸ್ತಿಯಲ್ಲಿ ಸಮಪಾಲು ಹೊಂದಿದ್ದಾರೆ’ ಎಂದು ಬರೆದರೆ ಅದು ನಿಜವೇ? ಕಾನೂನಿನ ಪುಟದಲ್ಲಿ ನಿಜ. ಊರಲ್ಲಿ ಕೇಳಿದರೆ ಉತ್ತರ ಬೇರೆ: ‘ಆಕಿಗೆ ಪಾಲೇನೋ ಐತ್ರಿ, ಆದ್ರ ಆಕಿ ಕೈಗೆ ಬಂದಿಲ್ಲ.’ ಮೊದಲಿನ ‘ಗೆ’ ಹಕ್ಕನ್ನು ಹೇಳಿತು, ‘ಕೈಗೆ’ ಎಂಬುದು ವಾಸ್ತವವನ್ನು ಹೇಳಿತು. ಇಂಥ ಎರಡು ಸಂಗತಿಗಳನ್ನು ‘ಹೊಂದಿದ್ದಾರೆ’ ಎಂಬ ಒಂದೇ ಪದ ಮುಚ್ಚಿಬಿಡುತ್ತದೆ. ಓದಿದವನು ಕೆಲಸವೆಲ್ಲ ಮುಗಿದಿದೆ ಎಂದು ಪುಟ ತಿರುವುತ್ತಾನೆ. ಪಾಲು ಸಿಗದವಳಿಗೆ ತನ್ನ ದೂರನ್ನು ಹೇಳಿಕೊಳ್ಳಲು ಆ ವಾಕ್ಯದಲ್ಲಿ ಜಾಗವಿಲ್ಲ.

ಬೇರೆ ಭಾಷೆಗಳಿಂದ ಪದಗಳನ್ನು ತಂದುಕೊಳ್ಳುವುದರಲ್ಲಿ ತಪ್ಪಿಲ್ಲ. ಹಾವೇರಿಯ ಕನ್ನಡದಲ್ಲಿ ಉರ್ದು, ಮರಾಠಿ, ಇಂಗ್ಲಿಷ್ ಪದಗಳು ಬೆರೆತು ಮಾತು ಹಗುರಾಗಿದೆ. ‘ಹೊಂದು’ ಎಂಬ ಪದವನ್ನೇ ಬಹಿಷ್ಕರಿಸಬೇಕೆಂದೂ ಅಲ್ಲ. ಕಾಯ್ದೆ ಕರಾರುಗಳಲ್ಲಿ ಅದಕ್ಕೂ ಒಂದು ಕೆಲಸವಿದೆ. ಬರೆಯುವವರು, ಅನುವಾದಿಸುವವರು, ಮಕ್ಕಳಿಗೆ ಪಾಠ ಹೇಳುವವರು ‘ಹ್ಯಾವ್’ ಎದುರಾದಾಗ ಒಂದು ಕ್ಷಣ ನಿಂತು ಕೇಳಿಕೊಳ್ಳಬೇಕಾದದ್ದು ಇಷ್ಟೆ: ಇದು ಅವನಿಗೆ ಇದೆಯೋ, ಅವನ ಹತ್ತಿರ ಇದೆಯೋ, ಅವನ ಕೈಯಲ್ಲಿದೆಯೋ, ಬರಿಯ ಹೆಸರಿನಲ್ಲಿದೆಯೋ? ಉತ್ತರ ತಿಳಿದರೆ ಕನ್ನಡದ ಪ್ರತ್ಯಯ ತಾನಾಗಿ ಒದಗುತ್ತದೆ. ಉತ್ತರ ತಿಳಿಯದಿದ್ದರೆ ಇಂಗ್ಲಿಷ್ ವಾಕ್ಯವೇ ನಮಗೆ ಪೂರ್ತಿ ಅರ್ಥವಾಗಿಲ್ಲವೆಂದು ತಿಳಿಯಬೇಕು. ಕರ್ಜಗಿಯ ರೈತ ಹೊಲದ ವಿಷಯ ಮಾತಾಡುವಾಗ ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ನಾವು ಬರೆಯುವವರು ಬಿಟ್ಟು ಹೋಗುತ್ತಿದ್ದೇವೆ.