ಮುಗ್ಗಟ್ಟಿನ ಕಾಲದ ಒಡವೆ: ಮಾರಿದವರು, ಕೊಂಡವರು

1931ರ ಸೆಪ್ಟೆಂಬರ್ 21ರಂದು ಬ್ರಿಟನ್ ತನ್ನ ಪೌಂಡಿಗೂ ಚಿನ್ನಕ್ಕೂ ಇದ್ದ ನಂಟನ್ನು ಕಡಿದುಕೊಂಡಿತು. ರೂಪಾಯಿಯನ್ನು 1 ಶಿಲಿಂಗ್ 6 ಪೆನ್ಸ್ ದರದಲ್ಲಿ ಪೌಂಡಿಗೇ ಬಿಗಿದಿದ್ದರಿಂದ ಅದೂ ಜೊತೆಗೆ ಇಳಿಯಿತು. ತೊಲಕ್ಕೆ 21 ರೂಪಾಯಿ ಚಿಲ್ಲರೆ ಇದ್ದ ಚಿನ್ನ ಕೆಲವೇ ತಿಂಗಳಲ್ಲಿ 30ರ ಆಸುಪಾಸಿಗೆ ಬಂತು. ಹಳ್ಳಿಹಳ್ಳಿಗಳ ಒಡವೆ ಮುಂಬಯಿಯ ದಾರಿ ಹಿಡಿದದ್ದು ಆಗ. ಅದೇ 1931ರಲ್ಲಿ ಲಂಡನ್ನಿನ ಕಾರ್ಟಿಯೇ ಅಂಗಡಿ ನವಾನಗರದ ಅರಸ ಜಾಮ್ ಸಾಹೇಬ ರಂಜಿತ್‌ಸಿಂಹಜಿಗಾಗಿ (ಹೌದು, ರಣಜಿ ಟ್ರೋಫಿಗೆ ಹೆಸರು ಕೊಟ್ಟ ಆಟಗಾರನೇ) ಬಣ್ಣಬಣ್ಣದ ವಜ್ರಗಳ ಒಂದು ಹಾರ ಕಟ್ಟಿತು. 136 ಕ್ಯಾರೆಟ್ಟಿನ 'ಕ್ವೀನ್ ಆಫ್ ಹಾಲೆಂಡ್' ಅದರಲ್ಲಿ ಒಂದು ಕಲ್ಲು ಮಾತ್ರ. ಮೊದಲನೆಯ ಸಂಗತಿಯನ್ನು ಅರ್ಥಶಾಸ್ತ್ರದ ಪುಸ್ತಕಗಳು ಹೇಳುತ್ತವೆ, ಎರಡನೆಯದನ್ನು ನುಣುಪು ಕಾಗದದ ಚಿತ್ರಪುಸ್ತಕಗಳು. ಎರಡನ್ನೂ ಒಂದೇ ಪುಟದಲ್ಲಿಟ್ಟು ಓದದೆ ಮುಗ್ಗಟ್ಟಿನ ಕಾಲದಲ್ಲಿ ಒಡವೆಯ ವ್ಯಾಪಾರ ಹೇಗೆ ನಡೆಯುತ್ತದೆಂಬುದು ತಿಳಿಯುವುದಿಲ್ಲ. ಜನರ ಕೈಯಲ್ಲಿ ದುಡ್ಡಿಲ್ಲದಾಗ ಒಡವೆಯ ಪೇಟೆಯೂ ಮಲಗುತ್ತದೆ ಎಂಬ ಸಾಮಾನ್ಯ ನಂಬಿಕೆ ಅರ್ಧ ಮಾತ್ರ ನಿಜ. ಯಾರು ಅಂಗಡಿಯ ಮೆಟ್ಟಿಲು ಹತ್ತುತ್ತಾರೆ, ಯಾರು ಇಳಿಯುತ್ತಾರೆ ಎಂಬುದನ್ನು ತೀರ್ಮಾನಿಸುವುದು ದೇಶದ ಬಡತನಕ್ಕಿಂತ ಹೆಚ್ಚಾಗಿ ಯಾರ ತಲೆಯ ಮೇಲೆ ಸಾಲವಿದೆ ಎಂಬ ಸಂಗತಿ.

ಮಾರಿದವರಿಂದ ಶುರು ಮಾಡೋಣ. 1929ರಲ್ಲಿ ಜಗತ್ತಿನ ಆರ್ಥಿಕ ಮುಗ್ಗಟ್ಟು ಶುರುವಾದ ಎರಡೇ ವರ್ಷದಲ್ಲಿ ಬೆಳೆಗಳ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಕಂದಾಯ ಇಳಿದಿರಲಿಲ್ಲ, ಸಾಹುಕಾರನ ಅಸಲು ಬಡ್ಡಿಯೂ ಇಳಿದಿರಲಿಲ್ಲ. ಹತ್ತು ಮೂಟೆ ಮಾರಿ ತೀರಿಸಬಹುದೆಂದು ಮಾಡಿದ ಸಾಲಕ್ಕೆ ಈಗ ಇಪ್ಪತ್ತು ಮೂಟೆ ಬೇಕು, ಹೊಲ ಬೆಳೆಯುವುದು ಅದೇ ಹತ್ತು. ಉಳಿದದ್ದು ಹೆಂಗಸರ ಮೈಮೇಲಿನ ಚಿನ್ನ. ಅದು ಗಿರವಿ ಅಂಗಡಿಯಿಂದ ಪಟ್ಟಣದ ಚಿನಿವಾರನಿಗೆ, ಅಲ್ಲಿಂದ ಮುಂಬಯಿಯ ಝವೇರಿ ಬಜಾರಿಗೆ ಹೋಗಿ, ಕರಗಿ ಗಟ್ಟಿಯಾಗಿ, ಹಡಗು ಹತ್ತಿ ಲಂಡನ್ ಸೇರುತ್ತಿತ್ತು. ಕಾಸಿನ ಸರವಾಗಲಿ, ಬೋರಮಾಳವಾಗಲಿ, ವಂಕಿಯಾಗಲಿ, ಮೂಸೆಗೆ ಬಿದ್ದ ಮೇಲೆ ಕುಸುರಿಗೆ ಬೆಲೆಯಿಲ್ಲ. ಅಕ್ಕಸಾಲಿಗ ಹಿಂದೆ ಮಾಡಿದ ಕೆಲಸವೂ ಹೋಯಿತು, ಮುಂದೆ ಬರಬೇಕಾದ ಕೆಲಸವೂ ಹೋಯಿತು. ನೂರಾರು ವರ್ಷ ಹೊರಗಿನ ಚಿನ್ನವನ್ನು ಒಳಗೆ ಎಳೆದುಕೊಂಡೇ ಬಂದಿದ್ದ ದೇಶ ಈಗ ಚಿನ್ನ ಕಳುಹಿಸುವ ದೇಶವಾಯಿತು. ದಶಕ ಮುಗಿಯುವ ಹೊತ್ತಿಗೆ ಹೊರಹೋದದ್ದು 250 ಕೋಟಿ ರೂಪಾಯಿಗೂ ಮೇಲೆ. ಬ್ರಿಟನ್ನಿನ ಹಣಕಾಸು ಮಂತ್ರಿ ನೆವಿಲ್ ಚೇಂಬರ್ಲೇನ್ ತನ್ನ ಖಾಸಗಿ ಪತ್ರದಲ್ಲಿ ಇಂಡಿಯಾದಲ್ಲಿ ಚಿನ್ನದ ಗಣಿಯೇ ಸಿಕ್ಕಿದೆ ಎಂಬರ್ಥದಲ್ಲಿ ಹಿಗ್ಗಿದ್ದ. ಅವನು ಹೇಳಿದ ಗಣಿ ಕೋಲಾರದ್ದಲ್ಲ, ಕೊರಳಿನದು.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಆಗಿನ ವೈಸ್‌ರಾಯ್ ಮಂಡಲಿಯ ಹಣಕಾಸು ಸದಸ್ಯ ಜಾರ್ಜ್ ಶುಸ್ಟರನ ಸಮರ್ಥನೆಯೂ ಅದೇ: ರೈತ ಅಗ್ಗಕ್ಕೆ ಕೊಂಡ ಚಿನ್ನವನ್ನು ತುಟ್ಟಿಗೆ ಮಾರುತ್ತಿದ್ದಾನೆ, ಲಾಭ ಅವನದೇ, ತಡೆಯುವುದೇಕೆ? ಇಂದಿನ ಕೆಲವು ಇತಿಹಾಸಕಾರರೂ ಈ ಕಡೆಗೇ ವಾಲುತ್ತಾರೆ. ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕೂಡಿಟ್ಟ ಗಟ್ಟಿ ಚಿನ್ನವನ್ನು ಬೆಲೆ ನೋಡಿ ಬಿಟ್ಟ ವರ್ತಕರಿದ್ದರು, ಜಮೀನುದಾರರಿದ್ದರು. ಆದರೆ ಲಾಭಕ್ಕೆ ಮಾರುವವನು ಬೆಲೆ ಇನ್ನೂ ಏರುತ್ತದೆಯೇ ಎಂದು ಕಾಯುತ್ತಾನೆ. ಕಂದಾಯದ ಕಂತಿಗೆ ಮಾರುವವನಿಗೆ ಕಾಯುವ ಸವಲತ್ತಿಲ್ಲ. ಮುಂದಿನ ವರ್ಷಗಳಲ್ಲಿ ಬೆಲೆ ಇನ್ನೂ ಏರಿತು, ಮೊದಲು ಮಾರಿದವರಿಗೆ ಆ ಏರಿಕೆ ದಕ್ಕಲಿಲ್ಲ. ಹಳ್ಳಿಯಿಂದ ಮುಂಬಯಿಯ ತನಕ ಪ್ರತಿ ಕೈಯೂ ತನ್ನ ಪಾಲು ಮುರಿದುಕೊಳ್ಳುತ್ತಿದ್ದುದರಿಂದ ಪೇಟೆಯ ದರ ಹಳ್ಳಿಯ ದರವೂ ಆಗಿರಲಿಲ್ಲ. ರಫ್ತು ನಿಲ್ಲಿಸಿ, ಇಲ್ಲವೇ ಸರ್ಕಾರವೇ ಕೊಂಡು ಇಟ್ಟುಕೊಳ್ಳಲಿ ಎಂದು ಭಾರತೀಯ ವರ್ತಕರೂ ರಾಷ್ಟ್ರೀಯ ನಾಯಕರೂ ಕೇಳಿಕೊಂಡರು, ಸರ್ಕಾರ ಒಪ್ಪಲಿಲ್ಲ. 1935ರಲ್ಲಿ ರಿಸರ್ವ್ ಬ್ಯಾಂಕ್ ಶುರುವಾದಾಗ ತನ್ನ ಬಳಿಯ ಚಿನ್ನವನ್ನು ತೊಲಕ್ಕೆ 21 ರೂಪಾಯಿ ಚಿಲ್ಲರೆಯ ಹಳೆಯ ದರದಲ್ಲೇ ಲೆಕ್ಕವಿಟ್ಟಿತು. ಪೇಟೆಯಲ್ಲಿ ಆ ದರಕ್ಕೆ ಚಿನ್ನ ಸಿಗುವ ಕಾಲ ಎಂದೋ ಮುಗಿದಿತ್ತು.

ಇನ್ನು ಕೊಂಡವರು. ಹಳ್ಳಿಯ ಚಿನ್ನವೇ ಅರಮನೆಯ ಹಾರವಾಯಿತು ಎಂದು ಕಥೆ ಕಟ್ಟಬಾರದು. ಆ ಕಾಲದ ಅರಮನೆಯ ಹಾರಗಳು ಹೆಚ್ಚಾಗಿ ಪ್ಲಾಟಿನಂನಲ್ಲಿ ಕೂರಿಸಿದ ವಜ್ರ, ಪಚ್ಚೆ, ಕೆಂಪು. ಇಂದೋರಿನ ಅರಸ ಯಶವಂತರಾವ್ ಹೋಳ್ಕರ್ ಮುಗ್ಗಟ್ಟಿನ ನಟ್ಟನಡುವೆ ಮಾಣಿಕ್ ಬಾಗ್ ಅರಮನೆಯನ್ನು ಜರ್ಮನ್ ವಾಸ್ತುಶಿಲ್ಪಿ ಎಕಾರ್ಟ್ ಮುಥೇಸಿಯಸ್ ಕೈಯಲ್ಲಿ ಕಟ್ಟಿಸಿದ. 'ಇಂದೋರ್ ಪೇರ್ಸ್' ಎಂಬ ಜೋಡಿ ವಜ್ರಗಳನ್ನು ಪ್ಯಾರಿಸ್ಸಿನ ಮೊಬುಸ್ಸಾನ್ ಅಂಗಡಿಯಲ್ಲಿ ಹೊಸದಾಗಿ ಕಟ್ಟಿಸಿದ. ನವಾನಗರದಲ್ಲಿ ರಂಜಿತ್‌ಸಿಂಹಜಿಯ ನಂತರ ಬಂದ ದಿಗ್ವಿಜಯಸಿಂಹಜಿ 1937ರಲ್ಲಿ 116 ಕೆಂಪುಗಳ ಹಾರ ಮಾಡಿಸಿದ. ಇವರು ಬೆರಳೆಣಿಕೆಯ ಜನ, ಇವರಿಂದ ಪೇಟೆಯ ನಾಡಿ ತಿಳಿಯುವುದಿಲ್ಲ ಎನ್ನಬಹುದು. ಅಲ್ಲದೆ ಅನೇಕ ಕಲ್ಲುಗಳು ಅವರ ತಿಜೋರಿಯಲ್ಲೇ ಇದ್ದವು, ಕೊಂಡದ್ದು ಕಲ್ಲು ಕೂರಿಸುವ ಕೆಲಸವನ್ನು ಮಾತ್ರ. ಎರಡನೆಯ ಮಾತನ್ನು ಒಪ್ಪುತ್ತೇನೆ. ಮೊದಲನೆಯದನ್ನು ಒಪ್ಪಲಾರೆ: ಈ ದರ್ಜೆಯ ಅಂಗಡಿಗಳು ಯಾವ ಕಾಲದಲ್ಲೂ ಬದುಕಿದ್ದು ಬೆರಳೆಣಿಕೆಯ ಗಿರಾಕಿಗಳಿಂದಲೇ. ನಗದಿನಲ್ಲಿ ನಿಗದಿಯಾದ ಕಂದಾಯ, ವಸೂಲಾದ ಮಟ್ಟಿಗೆ, ಬೆಲೆ ಕುಸಿದಷ್ಟೂ ಹೆಚ್ಚು ಕೊಳ್ಳಬಲ್ಲದು. ರೈತನನ್ನು ಮುಳುಗಿಸಿದ ಲೆಕ್ಕವೇ ಅರಸನನ್ನು ತೇಲಿಸಿತು. ದುಡ್ಡು ಉಳಿದಿದ್ದ ಬೆರಳೆಣಿಕೆಯ ಗಿರಾಕಿಗಳನ್ನೇ ನೆಚ್ಚುವ ಬುದ್ಧಿ ಪ್ಯಾರಿಸ್ಸಿನಲ್ಲೂ ಕೆಲಸ ಮಾಡಿತು. ನಕಲಿ ಒಡವೆಯನ್ನು ಫ್ಯಾಷನ್ ಮಾಡಿದ್ದ ಕೊಕೊ ಶನೆಲ್ 1932ರ ನವೆಂಬರಿನಲ್ಲಿ, ವಜ್ರದ ವ್ಯಾಪಾರಿಗಳ ಬೇಡಿಕೆಯ ಮೇಲೆ, ಅಪ್ಪಟ ವಜ್ರಗಳ ಪ್ರದರ್ಶನ ಇಟ್ಟಳು; ಅತಿ ಚಿಕ್ಕ ಗಾತ್ರದಲ್ಲಿ ಅತಿ ದೊಡ್ಡ ಬೆಲೆ ಅಡಗಿರುವುದು ವಜ್ರದಲ್ಲಿ ಎಂಬುದೇ ಅವಳ ಸಮರ್ಥನೆ.

ಹಾಗಾದರೆ ಐಷಾರಾಮದ ವ್ಯಾಪಾರಕ್ಕೆ ಮುಗ್ಗಟ್ಟು ತಟ್ಟಲೇ ಇಲ್ಲವೇ? ತಟ್ಟಿತು, ಚೆನ್ನಾಗಿಯೇ ತಟ್ಟಿತು. ವಜ್ರದ ಕಂಪನಿ ಡಿ ಬೀರ್ಸ್ 1932ರಲ್ಲಿ ದಕ್ಷಿಣ ಆಫ್ರಿಕದ ತನ್ನ ಗಣಿಗಳನ್ನು ಮುಚ್ಚಿತು. ಪರ್ಷಿಯನ್ ಕೊಲ್ಲಿಯ ಮುತ್ತಿನ ವ್ಯಾಪಾರ, ಅದರ ದೊಡ್ಡ ಪೇಟೆಯಾಗಿದ್ದ ಮುಂಬಯಿಯ ಸಮೇತ, ಮತ್ತೆ ಏಳದಂತೆ ಬಿತ್ತು. ಜಪಾನಿನ ಮಿಕಿಮೊಟೊ ಬೆಳೆಸಿದ ಮುತ್ತು ಅದಕ್ಕೆ ಒಂದು ಕಾರಣ. ಮತ್ತೊಂದು ಕಾರಣ ಸಾಲ: ಮುಳುಗುವವನಿಂದ ಹಿಡಿದು ಪ್ಯಾರಿಸ್ಸಿನ ವ್ಯಾಪಾರಿಯವರೆಗೆ ಆ ಕಸುಬು ಮುಂಗಡದ ಮೇಲೆ ನಿಂತಿತ್ತು, ಬ್ಯಾಂಕುಗಳು ಕೈ ಹಿಂತೆಗೆದಾಗ ಸರಕನ್ನು ಹಿಡಿದಿಡುವ ಶಕ್ತಿ ಯಾರಿಗೂ ಉಳಿಯಲಿಲ್ಲ. ಡಿ ಬೀರ್ಸ್ ಗಣಿ ಮುಚ್ಚಿ ಕಾಯಬಲ್ಲದಾಗಿತ್ತು, ಕಾಯಿತು. ಮುತ್ತಿನ ವರ್ತಕನೂ ರೈತನೂ ಕಾಯಲಾರದವರ ಸಾಲಿನಲ್ಲಿದ್ದರು. ಆ ಸಾಲಿಗೆ ಅರಸರೂ ಬಂದು ನಿಂತದ್ದು ಅಧಿಕಾರ ಕೈಜಾರುವ ಹೊತ್ತಿಗೆ: ನವಾನಗರದ ಆ ವಜ್ರದ ಹಾರ ಆಮೇಲೆ ಬಿಡಿಸಿ ಮಾರಾಟವಾಯಿತು, ಇಂದೋರ್ ಪೇರ್ಸ್ 1946ರಲ್ಲೇ ನ್ಯೂಯಾರ್ಕಿನ ವ್ಯಾಪಾರಿ ಹ್ಯಾರಿ ವಿನ್ಸ್ಟನ್ ಪಾಲಾಯಿತು.