ಬೃಹತ್ ದತ್ತಾಂಶವೂ ಬಾಡಿಗೆಯ ಯಂತ್ರವೂ

ಕ್ಲೌಡ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ದತ್ತಾಂಶ ಸೇವೆಯನ್ನು ಕೇವಲ ನೂತನ ಯಂತ್ರವಿದ್ಯೆಯ ಫಲವೆಂದು ಬಗೆಯುವುದು ರೂಢಿಯಾಗಿದೆ. ಇತಿಹಾಸದ ದೃಷ್ಟಿಯಿಂದ ನೋಡಿದರೆ ಇದು ಹಳೆಯದೊಂದು ವ್ಯವಹಾರದ ಹೊಸ ರೂಪ. ಇವೆರಡಕ್ಕೂ ಇರುವ ಸಾಮ್ಯವೇನು, ಭೇದವೇನು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಅಮೆರಿಕ ಸಂಯುಕ್ತ ಸಂಸ್ಥಾನದ 1880ರ ಜನಗಣತಿಯ ಲೆಕ್ಕಗಳು ಮುಗಿಯಲು ಹೆಚ್ಚು ಕಡಿಮೆ ಎಂಟು ವರ್ಷಗಳು ಹಿಡಿದುವು. ಜನಸಂಖ್ಯೆಯಾದರೋ ಬೆಳೆಯುತ್ತಲೇ ಇದ್ದಿತು. ಆಗ ಹರ್ಮನ್ ಹಾಲರಿತ್ ಎಂಬಾತನು ರಂಧ್ರಪತ್ರಗಳನ್ನು ಎಣಿಸುವ ವಿದ್ಯುದ್ಯಂತ್ರವನ್ನು ನಿರ್ಮಿಸಿದನು. 1890ರ ಗಣತಿಗೆ ಆತನು ಯಂತ್ರಗಳನ್ನು ಮಾರಲಿಲ್ಲ, ಬಾಡಿಗೆಗೆ ಕೊಟ್ಟನು. ಬಾಡಿಗೆಯ ದರವನ್ನು ಕುರಿತು ಮುಂದೆ ವಿವಾದ ಹುಟ್ಟಿದಾಗ, ಗಣತಿ ಇಲಾಖೆಯು 1910ರ ಗಣತಿಗಾಗಿ ಬೇರೆ ಯಂತ್ರಗಳನ್ನು ತಾನೇ ಮಾಡಿಸಿಕೊಂಡಿತು. ಇಲ್ಲಿ ಗಮನಾರ್ಹವಾದ ಅಂಶವೊಂದಿದೆ. ಯಂತ್ರವು ಅನ್ಯರದಾದರೂ ಗಣತಿಯ ಪತ್ರಗಳು ಇಲಾಖೆಯ ವಶದಲ್ಲಿಯೇ ಇದ್ದುವು. ಯಂತ್ರವನ್ನು ಹಿಂದಿರುಗಿಸಿದರೆ ಬಾಡಿಗೆಯ ಸಂಬಂಧ ಮುಗಿದಂತೆಯೇ.

ಇನ್ನು ನಮ್ಮ ಕಾಲಕ್ಕೆ ಬರೋಣ. ಸಾವಿರಾರು ಸಾಧಾರಣ ಕಂಪ್ಯೂಟರುಗಳಲ್ಲಿ ಕಡತಗಳನ್ನು ಹಂಚಿಡುವ ವ್ಯವಸ್ಥೆಯನ್ನು ಕುರಿತು 2003ರಲ್ಲಿಯೂ, ಅವುಗಳಿಗೆ ಕೆಲಸವನ್ನು ಹಂಚಿ ಫಲವನ್ನು ಕೂಡಿಸುವ ಮ್ಯಾಪ್‌ರೆಡ್ಯೂಸ್ ವಿಧಾನವನ್ನು ಕುರಿತು 2004ರಲ್ಲಿಯೂ ಗೂಗಲ್ ಸಂಸ್ಥೆಯವರು ಪ್ರಬಂಧಗಳನ್ನು ಪ್ರಕಟಿಸಿದರು. ಇವನ್ನು ಆಧರಿಸಿ ಡಗ್ ಕಟಿಂಗ್ ಮೊದಲಾದವರು ರಚಿಸಿದ ಹಡೂಪ್ ತಂತ್ರಾಂಶವು 2006ರಲ್ಲಿ ಎಲ್ಲರಿಗೂ ಮುಕ್ತವಾಗಿ ದೊರೆಯಿತು. ವಿಧಾನವು ದೊರೆತರೂ ನೂರಾರು ಯಂತ್ರಗಳನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಈ ಕೊರತೆಯನ್ನು ತುಂಬಿದುದು ಅಮೆಜಾನ್ ಸಂಸ್ಥೆ. ಅದು ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ದತ್ತಾಂಶವನ್ನಿಡುವ ಸ್ಥಳವನ್ನೂ, ಆಗಸ್ಟ್ ತಿಂಗಳಲ್ಲಿ ಗಂಟೆಯ ಲೆಕ್ಕದಲ್ಲಿ ಕಂಪ್ಯೂಟರುಗಳನ್ನೂ ಬಾಡಿಗೆಗೆ ಕೊಡಲಾರಂಭಿಸಿತು.

ಇದರ ಪ್ರಭಾವವನ್ನು ತಿಳಿಯಲು ಒಂದು ನಿದರ್ಶನ ಸಾಕು. 2007ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು 1851ರಿಂದ 1922ರವರೆಗಿನ ತನ್ನ 1 ಕೋಟಿ 10 ಲಕ್ಷ ಬರಹಗಳನ್ನು ಓದುಗರಿಗೆ ಒದಗಿಸಬಯಸಿತು. ಅವುಗಳ ಚಿತ್ರರೂಪದ ಸುಮಾರು 4 ಟೆರಾಬೈಟ್ ದತ್ತಾಂಶವನ್ನು ಅಮೆಜಾನಿನ ಭಂಡಾರಕ್ಕೆ ಸೇರಿಸಿ, 100 ಬಾಡಿಗೆ ಯಂತ್ರಗಳ ಮೇಲೆ ಹಡೂಪನ್ನು ನಡೆಸಲಾಯಿತು. 24 ಗಂಟೆಗಳೊಳಗೆ ಕೆಲಸ ಮುಗಿಯಿತು. ಎಪ್ಪತ್ತು ವರ್ಷಗಳ ವೃತ್ತಾಂತವು ಒಂದು ದಿನದಲ್ಲಿ ಹೊಸ ರೂಪವನ್ನು ತಾಳಿದುದು ಸಾಮಾನ್ಯ ಸಂಗತಿಯಲ್ಲ. ಯಂತ್ರವನ್ನು ಕೊಳ್ಳದೆ, ಕಟ್ಟಡವನ್ನು ಕಟ್ಟದೆ, ಒಂದು ದಿನದ ಕೆಲಸಕ್ಕೆ ಒಂದು ದಿನದ ಬಾಡಿಗೆಯನ್ನು ಮಾತ್ರ ತೆರುವ ಈ ಸೌಕರ್ಯವೇ ಸೇವೆಯ ಪ್ರಸಾರಕ್ಕೆ ಮುಖ್ಯ ಕಾರಣವೆಂದು ಹೇಳಬಹುದು. 2008ರಲ್ಲಿ ತನ್ನ ದತ್ತಾಂಶ ಭಂಡಾರವು ಕೆಟ್ಟು ಮೂರು ದಿನಗಳ ವ್ಯವಹಾರ ನಿಂತ ಮೇಲೆ ಕ್ಲೌಡಿನತ್ತ ತಿರುಗಿದ ನೆಟ್‌ಫ್ಲಿಕ್ಸ್ ಸಂಸ್ಥೆಯು 2016ರ ಜನವರಿಯಲ್ಲಿ ಆ ಸ್ಥಳಾಂತರವನ್ನು ಪೂರ್ಣಗೊಳಿಸಿತು.

ಇಷ್ಟರಮಟ್ಟಿಗೆ ಸಾಮ್ಯ, ಇನ್ನು ಭೇದ. ಹಾಲರಿತನ ಕಾಲದಲ್ಲಿ ಯಂತ್ರವು ದಾಖಲೆಯ ಮನೆಗೆ ಬಂದಿತು. ಈಗ ದಾಖಲೆಯೇ ಯಂತ್ರದ ಮನೆಗೆ ಹೋಗಿದೆ. 2017ರ ಫೆಬ್ರವರಿ 28ರಂದು ಅಮೆಜಾನಿನ ನೌಕರನೊಬ್ಬನು ತಪ್ಪಾಗಿ ಕೊಟ್ಟ ಒಂದು ಆದೇಶದಿಂದ ವರ್ಜೀನಿಯಾದ ಭಂಡಾರವು ಕೆಲವು ಗಂಟೆಗಳ ಕಾಲ ಸ್ತಬ್ಧವಾದಾಗ, ಅಸಂಖ್ಯಾತ ಜಾಲತಾಣಗಳೂ ಜೊತೆಗೆ ನಿಂತುವು. ಸಂಬಂಧವನ್ನು ಮುಗಿಸುವುದೂ ಸುಲಭವಲ್ಲ. ದತ್ತಾಂಶವನ್ನು ಒಳಕ್ಕೆ ತರಲು ಶುಲ್ಕವಿಲ್ಲದಿದ್ದರೂ ಹೊರಕ್ಕೊಯ್ಯಲು ಶುಲ್ಕವಿತ್ತು. ಗಣತಿ ಇಲಾಖೆಯಂತೆ ಸ್ವಂತ ಯಂತ್ರಗಳನ್ನು ಮಾಡಿಸಿಕೊಂಡ ಡ್ರಾಪ್‌ಬಾಕ್ಸ್ ಸಂಸ್ಥೆಯು ತನ್ನ ಬಳಕೆದಾರರ ದತ್ತಾಂಶದಲ್ಲಿ ನೂರಕ್ಕೆ 90 ಭಾಗಕ್ಕೂ ಹೆಚ್ಚನ್ನು ತನ್ನ ವಶಕ್ಕೆ ತಂದುಕೊಂಡುದಾಗಿ 2016ರಲ್ಲಿ ಪ್ರಕಟಿಸಿತು. ಅಂತಹ ಸಾಹಸವು ಎಲ್ಲರಿಗೂ ಸಾಧ್ಯವಲ್ಲ. 2024ರಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಸಂಸ್ಥೆಗಳು ತಮ್ಮನ್ನು ಬಿಟ್ಟುಹೋಗುವವರಿಗೆ ಈ ಶುಲ್ಕವನ್ನು ಮನ್ನಾ ಮಾಡಿದುವು. 2025ರ ಸೆಪ್ಟೆಂಬರಿನಿಂದ ಅನ್ವಯವಾದ ಐರೋಪ್ಯ ಒಕ್ಕೂಟದ ದತ್ತಾಂಶ ಶಾಸನವು ಸೇವೆಯನ್ನು ಬದಲಿಸುವವನ ಹಕ್ಕನ್ನು ವಿಧಿಸಿತು.

ದಾಖಲೆಯಿಲ್ಲದೆ ಇತಿಹಾಸವಿಲ್ಲ. ನಾಳಿನ ಇತಿಹಾಸಕಾರನಿಗೆ ಬೇಕಾದ ದಾಖಲೆಗಳು ಇಂದು ಪರರ ಮನೆಯಲ್ಲಿ ಶೇಖರವಾಗುತ್ತಿವೆ. ಹೀಗೆಂದು ಈ ಸೇವೆಯನ್ನು ನಿರಾಕರಿಸಬೇಕಾಗಿಲ್ಲ. ದಾಖಲೆಯನ್ನು ಒಪ್ಪಿಸುವ ಮೊದಲು ಅದನ್ನು ಮರಳಿ ಪಡೆಯುವ ಮಾರ್ಗವನ್ನು ಗೊತ್ತುಮಾಡಿಕೊಳ್ಳುವುದು ಪ್ರತಿಯೊಂದು ಗ್ರಂಥಾಲಯದ, ಪತ್ರಾಗಾರದ, ವಿದ್ಯಾಪೀಠದ ಕರ್ತವ್ಯವೆಂಬುದೇ ಈ ನೂರಮೂವತ್ತು ವರ್ಷಗಳ ವೃತ್ತಾಂತದ ಸಾರ.